‘ಹೊಂದ್ಕಂಡ್ ಹೋಗು’ ಅನ್ನೋದು ಮದ್ದಲ್ಲ ಕಣ್ರವ್ವ

‘ಗಂಡ ಹೆಂಡ್ತಿ ಜಗಳ ಉಂಡು ಮನಗೋ ಗಂಟ’ ಅಂತ ಗಾದೆ ಮಾಡವ್ರೆ ದೊಡ್ಡೋರು. ಈ ಗಾದೆ ಮೇಲೆ ನಂಗೆ ಒಸಿ ಕ್ವಾಪ ಅದೆ, ಇವತ್ತು ಹೇಳ್ಬುಡ್ತೀನಿ. ಉಂಡು ಮನಗಿದ್ರೆ ಜಗಳ ಮುಗೀತು ಅಂತ ಯಾರು ಹೇಳಿದ್ರು? ಎಷ್ಟೋ ಮನೇಲಿ ಅವ್ನು ಮುದ್ದೆ ಉಂಡು ಹಜಾರದಲ್ಲಿ ಮನಗ್ತಾನೆ, ಇವ್ಳು ಉಣ್ದಂಗೆ ಮಗೀನ ಪಕ್ಕ ಮನಗ್ತಾಳೆ. ಬೆಳಿಗ್ಗೆ ಎದ್ರೆ ಇಬ್ರಿಗೂ ಮಾತಿಲ್ಲ. ‘ಕಾಫಿ ಇಟ್ಟಿವ್ನಿ ಅಂತ ನಿಮ್ಮಪ್ಪಂಗೆ ಹೇಳು’ ಅಂತ ಮಗೀನ ಕೈಲಿ ಹೇಳಿ ಕಳಿಸ್ತಾಳೆ. ಇಂಗೇ ವಾರ ಆಯ್ತದೆ, ತಿಂಗಳಾಯ್ತದೆ. ಒಂದಿನ ಹುಡ್ಗಿ ಬ್ಯಾಗ್ ತಕ್ಕಂಡು ತವರು ಮನೆ ಬಾಗ್ಲಿಗೆ ಬಂದು ನಿಂತಾಗ ನಾವೆಲ್ಲ ಎದೆ ಮೇಲೆ ಕೈ ಇಟ್ಕಂಡು, ‘ಅಯ್ಯೋ, ಚೆನ್ನಾಗೇ ಇದ್ರಲ್ಲ!’ ಅಂತೀವಿ.

ಆಮೇಲೆ ನಾವು ಹೆಂಗಸ್ರು ಸುತ್ತ ಕುಂತ್ಕಂಡು ಆ ಹುಡ್ಗಿಗೆ ಕೊಡೋ ಔಷ್ದಿ ಒಂದೇ. ‘ಹೊಂದ್ಕಂಡ್ ಹೋಗವ್ವ. ಗಂಡಸ್ರು ಎಲ್ಲಾ ಕಡೆ ಹಂಗೇಯ. ಒಂದು ಮಗ ಆದ್ರೆ ಸರಿಹೋಯ್ತದೆ.’ ಮಗ ಆದ್ಮೇಲೂ ಸರಿಹೋಗ್ನಿಲ್ಲ ಅಂದ್ರೆ, ‘ಮಗೀನ ಮಕ ನೋಡ್ಕಂಡು ಸಹಿಸ್ಕೊ.’ ಹೊಂದ್ಕೊಳ್ಳೋದು ಹೆಂಗೆ ಅಂತ ಮಾತ್ರ ಒಬ್ರೂ ಹೇಳಲ್ಲ. ಈಜು ಬರದೆ ಇರೋರನ್ನ ನಾಲೆಗೆ ತಳ್ಳಿ, ‘ದಡಕ್ಕೆ ಬಾರವ್ವ’ ಅಂದಂಗೆ ಇದು.

ಇದಕ್ಕೆ ಬೇರೆ ದಾರಿ ಅದೆ. ಗಂಡ ಹೆಂಡ್ತಿ ಇಬ್ರೂ ಹೋಗಿ, ಅದನ್ನೇ ಓದಿರೋ ಒಬ್ರ ಮುಂದೆ ಕುಂತ್ಕಂಡು ಮಾತಾಡೋದು. ಕಪಲ್ ಥೆರಪಿ ಅಂತಾರೆ, ಕೌನ್ಸೆಲಿಂಗ್ ಅಂತಾರೆ, ದಾಂಪತ್ಯ ಆಪ್ತಸಮಾಲೋಚನೆ ಅಂತಾನೂ ಬರೀತಾರೆ. ಇದು ಹುಚ್ಚರಿಗೂ ಅಲ್ಲ, ಬೆಂಗಳೂರು ಸಾಹುಕಾರ್ರಿಗೂ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಹೈಕ್ಳಿಗೇ ಬೇಕಾಗಿರೋದು. ಅದಕ್ಕೆ ಅಡ್ಡ ಕುಂತಿರೋರು ಗಂಡಸ್ರಿಗಿಂತ ಹೆಚ್ಚಾಗಿ ಮಾನ ಮರ್ವಾದೆ ಅನ್ನೋ ನಾವು ಹೆಂಗಸ್ರೇ ಅನ್ನೋದು ನನ್ನ ವಾದ. ಬೇಜಾರಾದ್ರೂ ಓದಿ.

ಮೊದ್ಲು ನಮ್ಮ ಜಿಲ್ಲೆ ವಿಚಾರ. 2023ರ ಫೆಬ್ರವರಿಯಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮದುವೆ ಆಗದೆ ಇರೋ ಗಂಡೈಕ್ಳು ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೊಂಟ್ರಲ್ಲ, ನಿಮಗೆಲ್ಲ ನೆನಪಿರ್ತದೆ. ‘ಬ್ರಹ್ಮಚಾರಿಗಳ ಪಾದಯಾತ್ರೆ’ ಅಂತ ದೇಶಕ್ಕೆಲ್ಲ ಗೊತ್ತಾಯ್ತು. ರೈತನ ಮಗ ಅಂದ್ರೆ ಹೆಣ್ಣು ಕೊಡಲ್ಲ, ಮಾದಪ್ಪನಾದ್ರೂ ಕಣ್ಣು ಬಿಡ್ಲಿ ಅಂತ ನಡೆದ್ರು. ಅದಕ್ಕೂ ಮುಂಚೆ 2022ರ ನವೆಂಬರಲ್ಲಿ ಆದಿಚುಂಚನಗಿರಿಯಲ್ಲಿ ವಧು-ವರರ ಸಮಾವೇಶ ಆದಾಗ, ಹೆಣ್ಣುಮಕ್ಕಳು 250ರಷ್ಟು, ಗಂಡುಗಳು 11,000ಕ್ಕೂ ಮೇಲೆ ಅಂತ ಪತ್ರಿಕೇಲಿ ಬಂತು. ಹೆಣ್ಣು ಎಲ್ಲೋದ್ವು ಅಂತ ಕೇಳೋರಿಗೆ 2023ರಲ್ಲೇ ಉತ್ತರನೂ ಸಿಕ್ತು. ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಿಷಿನ್ ಇಟ್ಕಂಡು ಹೊಟ್ಟೇಲಿರೋದು ಹೆಣ್ಣೋ ಗಂಡೋ ಹೇಳ್ತಿದ್ದ ಜಾಲನ ಬೆಂಗಳೂರು ಪೊಲೀಸ್ರು ಹಿಡಿದ್ರು. ಬೆಲ್ಲ ಮಾಡೋ ಜಾಗದಲ್ಲಿ ಇಂಥ ಕೆಲ್ಸ. ಅದರ ಬಗ್ಗೆ ಇನ್ನೊಂದ್ಸಲ ಬರೀತೀನಿ.

ಈಗ ನಾನು ಕೇಳೋದು ಇಷ್ಟೆ. ಹೆಣ್ಣು ಸಿಗ್ಲಿ ಅಂತ ನೂರು ಕಿಲೋಮೀಟರ್ ನಡೀತೀವಿ, ಬ್ರೋಕರ್‌ಗೆ ದುಡ್ಡು ಕೊಡ್ತೀವಿ, ಜಾತಕ ತಕ್ಕಂಡು ಮೂರು ಜಿಲ್ಲೆ ಸುತ್ತುತೀವಿ. ಸಿಕ್ಕಿದ ಹೆಣ್ಣು ಆ ಮನೇಲಿ ನಗ್ತಾ ಇರ್ಲಿ ಅಂತ ಮಳವಳ್ಳಿಯಿಂದ ಮಂಡ್ಯ ಗಂಟ ಬಸ್ ಹತ್ತಿ ಒಂದು ದೊಡ್ಡಾಸ್ಪತ್ರೆಗೆ ಯಾಕೆ ಹೋಗಲ್ಲ? ಮದುವೆ ಮಾಡೋಕೆ ಲಕ್ಷಗಟ್ಟಲೆ ಇರ್ತದೆ, ಮದುವೆ ಉಳಿಸೋಕೆ ಒಂದು ಮಂಗಳವಾರ ಇರಲ್ವಾ?

‘ನಮ್ಮಲ್ಲಿ ಪಂಚಾಯ್ತಿ ಅದಲ್ಲ’ ಅಂತೀರಿ. ಅದೆ. ಎಷ್ಟೋ ಪಂಚಾಯ್ತಿಗೆ ಕಾಫಿ ಕಾಸಿ ಕೊಟ್ಟಿವ್ನಿ ನಾನು. ಅಡಿಗೆ ಮನೆ ಬಾಗ್ಲಲ್ಲಿ ನಿಂತ್ಕಂಡು ಕೇಳಿಸ್ಕಂಡಿವ್ನಿ. ಹಜಾರದಲ್ಲಿ ಈ ಕಡೆಯೋರು ಹತ್ತು ಜನ, ಆ ಕಡೆಯೋರು ಹತ್ತು ಜನ. ಮೊದಲ್ನೇ ಗಂಟೆ ಮದುವೇಲಿ ಯಾರು ಯಾರಿಗೆ ಮರ್ವಾದೆ ಕೊಡ್ನಿಲ್ಲ ಅನ್ನೋದು. ಎರಡ್ನೇ ಗಂಟೆ ಒಡವೆ ಲೆಕ್ಕ. ಮೂರ್ನೇ ಗಂಟೇಲಿ ಯಾರೋ ಹಿರೀರು, ‘ಇಬ್ರದೂ ತಪ್ಪದೆ, ಹುಡುಗ ಇನ್ಮೇಲೆ ಸರಿಯಾಗಿರ್ತಾನೆ, ಹುಡ್ಗೀನ ಕಳಿಸ್ಕೊಡಿ’ ಅಂತಾರೆ. ಮೂರು ಗಂಟೇಲಿ ಸಂಸಾರ ಮಾಡೋ ಆ ಇಬ್ರು ಎಷ್ಟು ಮಾತಾಡಿರ್ತಾರೆ? ಅವ್ನು ನೆಲ ನೋಡ್ಕಂಡು ‘ಆಯ್ತು’ ಅಂದಿರ್ತಾನೆ. ಇವ್ಳು ಸೆರಗು ಬಾಯಿಗೆ ಇಟ್ಕಂಡು ಅತ್ತಿರ್ತಾಳೆ. ಇಷ್ಟೆ.

ಪಂಚಾಯ್ತಿ ಬೇಡ ಅನ್ನಲ್ಲ. ಗಡಿ ಜಗಳಕ್ಕೆ, ನೀರು ಜಗಳಕ್ಕೆ ಅದು ಸರಿ. ಅಲ್ಲಿ ಕಲ್ಲು ಎಲ್ಲಿ ನೆಡಬೇಕು ಅಂತ ತೀರ್ಮಾನ ಮಾಡಿದ್ರೆ ಕೆಲ್ಸ ಮುಗೀತು. ಗಂಡ ಹೆಂಡ್ತಿ ಮಧ್ಯೆ ನೆಡೋ ಕಲ್ಲು ಯಾವ್ದು? ಯಾರು ಗೆದ್ರೂ ರಾತ್ರಿ ಅದೇ ಸೋತೋರ ಪಕ್ಕದಲ್ಲಿ ಮನಗಬೇಕು.

ಲೋಕ ಅದಾಲತ್ ಆದ ಮಾರನೇ ದಿನ ಪೇಪರಲ್ಲಿ ಫೋಟೊ ಬತ್ತದೆ, ನೋಡಿರ್ತೀರಿ. ಡೈವೋರ್ಸಿಗೆ ಹಾಕಿದ್ದ ಗಂಡ ಹೆಂಡ್ತಿ ಜಡ್ಜ್ ಮುಂದೆ ಹಾರ ಬದಲಾಯಿಸ್ಕಂಡು ಸಿಹಿ ತಿಂತಿರ್ತಾರೆ. ನಂಗೂ ಕಣ್ಣಲ್ಲಿ ನೀರು ಬತ್ತದೆ. ಜಡ್ಜ್‌ಗಳು ಒಳ್ಳೇ ಮನಸ್ಸಿಂದಲೇ ಮಾಡ್ತಾರೆ. ಆದ್ರೆ ಕೇಸ್ ವಾಪಸ್ ತಕ್ಕೊಳ್ಳೋದು ಬೇರೆ, ಜಗಳದ ಬೇರು ಕೀಳೋದು ಬೇರೆ. ಹಾರ ಸಾಯಂಕಾಲಕ್ಕೆ ಬಾಡ್ತದೆ. ಮನೆಗೆ ಹೋದ್ಮೇಲೆ ಅದೇ ಅಡಿಗೆ ಮನೆ, ಅದೇ ಸಾಲ, ಅದೇ ಮಾತು. ಮಾತಾಡೋ ರೀತಿ ಬದಲಾಗ್ದೆ ಇದ್ರೆ ಯಾವ ಹಾರ ಏನು ಮಾಡ್ತದೆ?

ಕಾನೂನು ಮಾಡಿದೋರಿಗೂ ಇದು ಗೊತ್ತಿತ್ತು. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯಲ್ಲಿ, ಕೋರ್ಟು ಮೊದಲು ಇಬ್ಬರನ್ನೂ ರಾಜಿ ಮಾಡಿಸುವ ಪ್ರಯತ್ನ ಮಾಡಬೇಕು, ಅದಕ್ಕೆ ಆಪ್ತಸಮಾಲೋಚಕರ ಸಹಾಯ ತೆಗೆದುಕೊಳ್ಳಬಹುದು ಅಂತ ಬರೆದಿದೆ. 1955ರ ಹಿಂದೂ ವಿವಾಹ ಕಾಯ್ದೆಯಡಿ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಿದರೂ ಆರು ತಿಂಗಳು ಕಾಯಬೇಕು. ಇನ್ನು ಕೂಡೋದೇ ಇಲ್ಲ ಅನ್ನೋ ಕೇಸಲ್ಲಿ ಆ ಆರು ತಿಂಗಳನ್ನ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯೋಚನೆ ಮಾಡ್ಲಿ, ಮಾತಾಡ್ಲಿ ಅಂತ ಕೊಟ್ಟ ಆರು ತಿಂಗಳು ಅದು. ನಮ್ಮೋರು ಅದರಲ್ಲಿ ಮಾಡೋದೇನು? ಇವ್ಳು ತವರಲ್ಲಿ, ಅವ್ನು ಊರಲ್ಲಿ, ಮಧ್ಯೆ ವಾಟ್ಸಾಪ್ ಸ್ಟೇಟಸ್ಸಲ್ಲಿ ಚುಚ್ಚು ಮಾತು.

ಸರಿ, ಆ ಕೌನ್ಸೆಲಿಂಗ್ ರೂಮಲ್ಲಿ ಏನು ಮಾಡ್ತಾರೆ? ಮಾತ್ರೆ ಕೊಟ್ಟು ಮನಗಿಸ್ತಾರೆ ಅನ್ಕಂಡಿದ್ರೆ ಅದು ತಪ್ಪು. ಮೊದಲ್ನೇ ಸಲ ಇಬ್ರನ್ನೂ ಕೂರಿಸ್ಕಂಡು, ಹೆಂಗೆ ಮದುವೆ ಆಯ್ತು, ಯಾವಾಗಿಂದ ಕೆಟ್ಟೋಯ್ತು, ಏನು ಸರಿಯಾಗ್ಬೇಕು ಅಂತ ಕೇಳ್ತಾರೆ. ಸಾಮಾನ್ಯವಾಗಿ ಒಬ್ಬೊಬ್ರನ್ನೇ ಬೇರೆ ಕರ್ದೂ ಕೇಳ್ತಾರೆ. ಆಮೇಲೆ ವಾರಕ್ಕೊಂದ್ಸಲವೋ ಹದಿನೈದು ದಿನಕ್ಕೊಂದ್ಸಲವೋ ಮುಕ್ಕಾಲು ಗಂಟೆ, ಒಂದು ಗಂಟೆ. ಕೆಲವರಿಗೆ ಏಳೆಂಟು ಸಲ ಸಾಕು, ಕೆಲವರಿಗೆ ಇಪ್ಪತ್ತು ಸಲ ಬೇಕು. ಕೂರಿಸೋರು ಯಾರ ಪರವೂ ವಾದ ಮಾಡಲ್ಲ, ತೀರ್ಪೂ ಕೊಡಲ್ಲ. ಅವ್ನ ಚಿಕ್ಕಪ್ಪನೂ ಅಲ್ಲ, ಇವ್ಳ ಸೋದರಮಾವನೂ ಅಲ್ಲ. ಅದೇ ಅದರ ಬಲ.

ಅವ್ರು ಮೊದ್ಲು ನೋಡೋದು ಜಗಳ ಯಾವ ದಾರೀಲಿ ಹೋಯ್ತದೆ ಅನ್ನೋದ. ನಮ್ಮ ಕಡೆ ಲೆಕ್ಕದಲ್ಲಿ ಹೇಳ್ತೀನಿ. ಕಟ್ಟು ನೀರು ಬಿಟ್ಟವ್ರೆ, ಅವ್ನು ರಾತ್ರಿಯೆಲ್ಲ ಗದ್ದೇಲಿದ್ದು ಬಂದವ್ನೆ. ಇವ್ಳು ಗಾರ್ಮೆಂಟ್ಸಿಂದ ಬಂದು ಮಗೀಗೆ ಜ್ವರ ಅಂತ ಒಬ್ಳೇ ಪೇಚಾಡವ್ಳೆ. ‘ಫೋನ್ ಯಾಕೆ ಎತ್ನಿಲ್ಲ?’ ಅಂತಾಳೆ. ಅದರೊಳಗೆ ಇರೋದು ‘ನಂಗೆ ಭಯ ಆಗಿತ್ತು’ ಅನ್ನೋದು. ಅವ್ನಿಗೆ ಕೇಳಿಸೋದು ‘ನಿನ್ನ ಮೇಲೆ ನಂಬಿಕೆ ಇಲ್ಲ’ ಅಂತ. ಅವ್ನು ಬಾಯಿ ಮುಚ್ಕತಾನೆ. ಅವ್ನು ಸುಮ್ಕಿದ್ದಷ್ಟೂ ಇವ್ಳು ಜೋರು, ಇವ್ಳು ಜೋರಾದಷ್ಟೂ ಅವ್ನು ಗೋಡೆ. ಕಡೀಕೆ ಚಪ್ಪಲಿ ಮೆಟ್ಕಂಡು ಹೊರಟೋಯ್ತಾನೆ. ನಾಳೆ ವಿಷ್ಯ ಬೇರೆ ಇರ್ತದೆ, ಗ್ಯಾಸೋ, ಚೀಟಿ ದುಡ್ಡೋ, ನಾದಿನಿ ಬಾಣಂತನವೋ. ದಾರಿ ಮಾತ್ರ ಇದೇ. ಗಾಣದೆತ್ತಿನಂಗೆ ಅದರಲ್ಲೇ ಸುತ್ತುತಾ ಇರ್ತಾರೆ. ಕೆನಡಾದ ಸೂ ಜಾನ್ಸನ್ ಅನ್ನೋ ಮನಶ್ಶಾಸ್ತ್ರಜ್ಞೆ 1980ರ ದಶಕದಿಂದ ಕಟ್ಟಿದ ಪದ್ಧತಿ ಇದರ ಮೇಲೇ ನಿಂತದೆ. ಈ ಸುತ್ತೇ ಇಬ್ರಿಗೂ ಶತ್ರು, ಒಬ್ರಿಗೊಬ್ರು ಶತ್ರುಗಳಲ್ಲ ಅಂತ ತೋರಿಸಿಕೊಡೋದು. ಕ್ವಾಪದ ಕೆಳಗಿರೋ ಭಯನ ಬಾಯಿಬಿಟ್ಟು ಹೇಳೋ ಹಂಗೆ ಮಾಡೋದು.

ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಅಂತ ಪ್ರೊಫೆಸರ್ರು ಗಂಡ ಹೆಂಡ್ತೀರು ಜಗಳ ಆಡೋದನ್ನ ವರ್ಷಾನುಗಟ್ಟಲೆ ವಿಡಿಯೋ ಮಾಡಿ ನೋಡಿದ್ರು. ಸಂಸಾರ ಕೆಡಿಸೋ ನಾಕು ಚಟ ಹೇಳಿದ್ರು. ಆಗಿದ್ದ ತಪ್ಪನ್ನ ಬಿಟ್ಟು ಮನುಷ್ಯನ ಗುಣಾನೇ ದೂರೋದು ಒಂದು. ಹೀನಾಯ ಮಾಡಿ, ಅಣಕಿಸಿ ಮಾತಾಡೋದು ಎರಡು. ‘ನಂದೇನಿಲ್ಲ, ಎಲ್ಲ ನಿಂದೇ’ ಅನ್ನೋದು ಮೂರು. ಮಾತೇ ಬಿಟ್ಟು ಕಲ್ಲಿನಂಗೆ ಕೂರೋದು ನಾಕು. ಇದರಲ್ಲಿ ಹೀನಾಯ ಮಾಡೋದೇ ಎಲ್ಲಕ್ಕಿಂತ ಕೆಟ್ಟದ್ದಂತೆ. ಜಗಳದ ಮೊದಲ ಮೂರು ನಿಮಿಷ ಹೆಂಗೆ ಶುರುವಾಯ್ತದೆ ಅನ್ನೋದರಲ್ಲೇ ಬಹಳಷ್ಟು ಗೊತ್ತಾಯ್ತದೆ ಅಂತಾನೂ ಹೇಳಿದ್ರು. ಇನ್ನೊಂದು ಮಾತು ನಂಗೆ ಬಾಳ ಸಮಾಧಾನ ಕೊಡ್ತು. ಗಂಡ ಹೆಂಡ್ತಿ ಮಧ್ಯೆ ಇರೋ ಸಮಸ್ಯೇಲಿ 100ಕ್ಕೆ 69 ಯಾವತ್ತೂ ಪೂರ್ತಿ ಬಗೆಹರಿಯಲ್ವಂತೆ, ಚೆನ್ನಾಗಿರೋ ಸಂಸಾರದಲ್ಲೂ. ಅವ್ನು ದುಡ್ಡು ಕೈಬಿಡೋನು, ಇವ್ಳು ಕೂಡಿಡೋಳು, ಅದು ಹಂಗೇ ಇರ್ತದೆ. ಚೆನ್ನಾಗಿರೋರು ಅದರ ಬಗ್ಗೆ ಹೀನಾಯ ಇಲ್ದಂಗೆ ಮಾತಾಡೋಕೆ ಕಲ್ತಿರ್ತಾರೆ, ಅಷ್ಟೇ ವ್ಯತ್ಯಾಸ.

ಕಲಿಸೋದೂ ಅದನ್ನೇ. ಮನೆಗೆ ಪಾಠ ಕೊಟ್ಟು ಕಳಿಸ್ತಾರೆ. ಒಬ್ರು ಹತ್ತು ನಿಮಿಷ ಮಾತಾಡ್ಬೇಕು, ಇನ್ನೊಬ್ರು ಅಡ್ಡ ಬಾಯಿ ಹಾಕ್ದೆ ಕೇಳಿ, ‘ನೀನು ಹೇಳಿದ್ದು ಹಿಂಗೆ ಅಲ್ವಾ?’ ಅಂತ ತಿರುಗಿಸಿ ಹೇಳ್ಬೇಕು. ‘ನೀನು ಯಾವಾಗ್ಲೂ ಇಂಗೇ’ ಅನ್ನೋದ್ರ ಬದ್ಲು ‘ನೀನು ಹಂಗಂದಾಗ ನಂಗೆ ಇಂಗಾಯ್ತದೆ’ ಅನ್ಬೇಕು. ಕ್ವಾಪ ನೆತ್ತಿಗೇರಿದ್ರೆ, ‘ಅರ್ಧ ಗಂಟೆ ಬಿಟ್ಟು ಮಾತಾಡಣ’ ಅಂತ ಹೇಳಿ ಎದ್ದು ಹೋಗಿ, ಹೇಳಿದ ಹೊತ್ತಿಗೆ ವಾಪಸ್ ಬರ್ಬೇಕು. ಓದೋಕೆ ಸಣ್ಣ ವಿಷ್ಯ. ಮಾಡಿ ನೋಡಿ, ಎಷ್ಟು ಕಷ್ಟ ಅದೆ ಅಂತ!

ಈಗ ನಿಮ್ಮ ಆಕ್ಷೇಪಣೆಗೆ ಬತ್ತೀನಿ.

‘ಮನೆ ಮಾತು ಬೀದಿಗೆ ಬತ್ತದೆ.’ ಇಪ್ಪತ್ತು ಜನದ ಪಂಚಾಯ್ತಿ ಬೀದಿ ಅಲ್ವಾ? ಮಾರನೇ ದಿನ ಹಾಲಿನ ಡೈರಿ ಹತ್ರ ಅದೇ ಮಾತು ತಾನೆ? ಕೌನ್ಸೆಲಿಂಗ್ ರೂಮಲ್ಲಿ ಆಡಿದ್ದು ಹೊರಗೆ ಹೋಗಬಾರ್ದು ಅನ್ನೋದು ಅವ್ರ ವೃತ್ತಿ ಧರ್ಮ. ಪ್ರಾಣಕ್ಕೆ ಅಪಾಯ ಇರೋಂಥ ಸಂದರ್ಭ ಮಾತ್ರ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಗೆ ಹೋದೋರ ವಿಚಾರ ಗುಟ್ಟಾಗಿಡ್ಬೇಕು ಅನ್ನೋ ಹಕ್ಕು ಕೊಟ್ಟದೆ. ನಮ್ಮ ಪಂಚಾಯ್ತಿ ಯಜಮಾನ್ರಿಗೆ ಅಂಥ ಕಾಯ್ದೆ ಇಲ್ಲ.

‘ದುಡ್ಡೆಲ್ಲಿಂದ ತರೋದು?’ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ‘ಗಂಡ ಹೆಂಡತಿ ವಿರಸ, ವಶೀಕರಣ, 24 ಗಂಟೇಲಿ ಪರಿಹಾರ’ ಅಂತ ಅಂಟಿಸಿರ್ತಾರಲ್ಲ, ಅವ್ರಿಗೆ ಒಡವೆ ಅಡ ಇಟ್ಟು ದುಡ್ಡು ಕೊಟ್ಟೋರು ನಮ್ಮಲ್ಲೇ ಇಲ್ವಾ? ತಾಯತಕ್ಕೆ ಇರೋ ದುಡ್ಡು, ವಕೀಲ್ರ ಫೀಸಿಗೆ ಇರೋ ದುಡ್ಡು ಇದಕ್ಕೆ ಇಲ್ವಾ? ಖಾಸಗಿಯೋರ ಹತ್ರ ದುಬಾರಿ, ಒಪ್ಪಿದೆ. ಸರ್ಕಾರಿ ಆಸ್ಪತ್ರೇಲಿ ಹಂಗಿಲ್ಲ.

‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?’ ಇರ್ನಿಲ್ಲ. ಆದ್ರೆ ಆಗ ಮನೆ ತುಂಬ ಜನ ಇದ್ರು. ಕ್ವಾಪ ಮಾಡ್ಕಂಡ ಸೊಸೇನ ಹಿತ್ತಲಿಗೆ ಕರ್ಕಂಡೋಗಿ ತಲೆ ಬಾಚ್ತಾ ಸಮಾಧಾನ ಹೇಳೋಕೆ ಒಂದು ಅಜ್ಜಿ ಇತ್ತು. ಈಗ ಕೆಂಗೇರಿಯಲ್ಲೋ ಪೀಣ್ಯದಲ್ಲೋ ಎರಡು ರೂಮು, ಗಂಡ ಒಂದು ಶಿಫ್ಟು, ಹೆಂಡ್ತಿ ಇನ್ನೊಂದು ಶಿಫ್ಟು. ಊರಲ್ಲೇ ಇರೋರೂ ಬೆಳಿಗ್ಗೆ ಟ್ರೈನು ಹಿಡ್ದು ಬೆಂಗಳೂರಿಗೆ ಹೋದ್ರೆ ರಾತ್ರಿಗೆ ಬರೋದು. ಮಾತಾಡೋಕೆ ಇರೋ ಹೊತ್ತೇ ಅರ್ಧ ಗಂಟೆ, ಅದೂ ಮೊಬೈಲ್‌ಗೆ ಹೋಯ್ತದೆ. ಇನ್ನು ಆ ಕಾಲದ ಸಂಸಾರ ಎಲ್ಲ ಚೆನ್ನಾಗಿತ್ತು ಅನ್ನೋದೂ ಅರ್ಧ ಸುಳ್ಳು. ಬಿಟ್ಟೋದ್ರೆ ಊಟಕ್ಕಿಲ್ಲ ಅಂತ ಉಳ್ಕಂಡೋರನ್ನ ನಾವು ‘ಹೊಂದ್ಕಂಡೋರು’ ಅಂತ ಎಣಿಸ್ತೀವಿ.

‘ಗಂಡ ಬರಲ್ಲ ಅಂತಾನೆ.’ ಇದು ನಿಜವಾದ ಕಷ್ಟ. ‘ನಿಂಗೆ ತಲೆ ಕೆಟ್ಟದೆ, ಡಾಕ್ಟ್ರ ಹತ್ರ ಬಾ’ ಅಂದ್ರೆ ಯಾವ ಗಂಡಸೂ ಬರಲ್ಲ. ‘ನಮ್ಮಿಬ್ರಿಗೂ ಮಾತಾಡೋದು ಕಷ್ಟ ಆಯ್ತಾದೆ, ಒಂದ್ಸಲ ಹೋಗಿ ಬರಣ, ಇಷ್ಟ ಆಗ್ದಿದ್ರೆ ಬಿಡಣ’ ಅಂತ ಹೇಳಿ ನೋಡಿ. ಹೇಳೋ ಹೊತ್ತೂ ನೋಡ್ಕಳಿ, ಜಗಳದ ಮಧ್ಯೆ ಬೇಡ. ಆದ್ರೂ ಬರ್ನಿಲ್ವಾ, ಹೆಣ್ಣು ಒಬ್ಳೇ ಹೋಗ್ಲಿ. ಸುತ್ತುತಿರೋ ಎರಡೆತ್ತಲ್ಲಿ ಒಂದು ನಿಂತ್ರೂ ಗಾಣ ನಿಲ್ತದೆ. ಅತ್ತೆಯಾದೋಳು ‘ಹೋಗ್ಲಾ ಮಗ, ಏನೂ ಆಗಲ್ಲ’ ಅಂದ್ರೆ ಅರ್ಧ ಕೆಲ್ಸ ಆದಂಗೇ.

ಒಂದು ಎಚ್ಚರಿಕೆ ಮಾತು, ಇದನ್ನ ಎರಡ್ಸಲ ಓದಿ. ಗಂಡ ಹೊಡೀತಾನೆ, ಹೆದರಿಸ್ತಾನೆ ಅಂದ್ರೆ ಅದು ‘ಇಬ್ರ ಮಧ್ಯದ ಜಗಳ’ ಅಲ್ಲ. ಅಂಥ ಕಡೆ ಇಬ್ರನ್ನೂ ಒಟ್ಟಿಗೆ ಕೂರಿಸಿ ಮಾತಾಡ್ಸೋದು ಅಪಾಯ. ರೂಮಲ್ಲಿ ಬಾಯಿಬಿಟ್ಟಿದ್ದಕ್ಕೆ ಮನೇಲಿ ಏಟು ಬೀಳ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸ್ರಲ್ಲಿ 100ಕ್ಕೆ 44 ಜನ ಗಂಡನಿಂದ ಹಿಂಸೆ ಕಂಡಿದೀವಿ ಅಂದವ್ರೆ. ಅದಕ್ಕೂ ಹಿಂದಿನ ಸಮೀಕ್ಷೇಲಿ ಅದು 100ಕ್ಕೆ 21ರ ಹತ್ರ ಇತ್ತು. ಅಂಥ ಹುಡ್ಗಿಗೆ ‘ಕೌನ್ಸೆಲಿಂಗ್‌ಗೆ ಹೋಗು’ ಅನ್ನೋದೂ ಇನ್ನೊಂದು ಥರದ ‘ಹೊಂದ್ಕಂಡ್ ಹೋಗು’ ಆಯ್ತದೆ. ಅವಳಿಗೆ ಮೊದ್ಲು ಬೇಕಾದ್ದು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಜಿಲ್ಲೆಯ ಸಖಿ ಕೇಂದ್ರ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಕುಡಿತ ಇದ್ರೆ ಮೊದ್ಲು ಕುಡಿತಕ್ಕೆ ಚಿಕಿತ್ಸೆ.

ಕೌನ್ಸೆಲಿಂಗ್ ಅಂದ್ರೆ ಗೋಂದೂ ಅಲ್ಲ. ಎಲ್ಲಾ ಮುರಿದ ಸಂಸಾರನೂ ಅಂಟಲ್ಲ. ಕೆಲವರು ಮಾತಾಡಿ ಮಾತಾಡಿ, ಬೇರೆ ಆಗೋದೇ ಸರಿ ಅಂತ ತೀರ್ಮಾನಕ್ಕೆ ಬತ್ತಾರೆ. ಬರ್ಲಿ ಬಿಡಿ. ಕೋರ್ಟಲ್ಲಿ ಒಬ್ರ ಮೇಲೊಬ್ರು ಕೆಸರು ಎರಚಿ, ಮಗೀನ ಎರಡೂ ಕಡೆ ಎಳೆದಾಡಿ ಬೇರೆ ಆಗೋದಕ್ಕಿಂತ, ಮರ್ವಾದೆಯಿಂದ ಬೇರೆ ಆಗೋದು ಮೇಲು.

ಎಲ್ಲಿಗೆ ಹೋಗೋದು ಅಂತ ಬರ್ಕಳಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ 2022ರ ಅಕ್ಟೋಬರ್ 10ರಿಂದ ಸರ್ಕಾರ ನಡೆಸ್ತಿರೋ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರ್ತದೆ, ಕನ್ನಡದಲ್ಲೇ ಮಾತಾಡ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೇಲಿ ಮನೋವೈದ್ಯ ವಿಭಾಗ ಅದೆ. ಮನೋಚೈತನ್ಯ ಅನ್ನೋ ಹೆಸರಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಾನಸಿಕ ತಜ್ಞರನ್ನ ಕಳಿಸೋ ಕಾರ್ಯಕ್ರಮ ಅದೆ, ಯಾವತ್ತು ಬತ್ತಾರೆ ಅಂತ ಮದ್ದೂರು, ಮಳವಳ್ಳಿ ಆಸ್ಪತ್ರೇಲೇ ಕೇಳಿ. ಗಟ್ಟಿ ಸಮಸ್ಯೆ ಇದ್ರೆ ಬೆಂಗಳೂರು ನಿಮ್ಹಾನ್ಸ್‌ನಲ್ಲಿ ಸಂಸಾರದ ವಿಚಾರಕ್ಕೆ ಅಂತಲೇ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರ ಅದೆ. ಖಾಸಗಿಯೋರ ಹತ್ರ ಹೋದ್ರೆ, ‘ನೀವು ಏನು ಓದಿದೀರ?’ ಅಂತ ಕೇಳೋಕೆ ನಾಚ್ಕಬೇಡಿ. ಮನೋವೈದ್ಯರೋ, ಕ್ಲಿನಿಕಲ್ ಸೈಕಾಲಜಿ ಓದಿದೋರೋ, ಮನೋವೈದ್ಯಕೀಯ ಸಮಾಜಕಾರ್ಯ ಓದಿದೋರೋ ಆಗಿರ್ಬೇಕು. ಎರಡು ದಿನದ ಕೋರ್ಸ್ ಮಾಡಿ ಬೋರ್ಡ್ ಹಾಕ್ಕಂಡೋರು ಬೇಡ. ನಿಮ್ಮ ಮಾತು ಕೇಳ್ದೆ ಬರೀ ಉಪದೇಶ ಮಾಡೋರಾದ್ರೆ, ಅದಕ್ಕೆ ನಮ್ಮ ಪಂಚಾಯ್ತಿನೇ ಇತ್ತಲ್ಲ, ಬೇರೆಯೋರನ್ನ ನೋಡ್ಕಳಿ.

ಯಾವಾಗ ಹೋಗ್ಬೇಕು? ವಕೀಲ್ರ ಹತ್ರ ಹೋಗೋದಕ್ಕಿಂತ ಬಾಳ ಮುಂಚೆ. ಮಗೀನ ಕೈಲಿ ಮಾತು ಹೇಳಿ ಕಳಿಸೋಕೆ ಶುರುವಾದಾಗ. ಒಂದೇ ಜಗಳ ಹತ್ತು ಸಲ ಆದಾಗ. ನಾಲೆ ಏರೀಲಿ ಬೆರಳು ಹೋಗೋವಷ್ಟು ತೂತಿದ್ದಾಗ ಒಂದು ಬಾಂಡ್ಲಿ ಮಣ್ಣು ಸಾಕು, ಏರಿ ಒಡೆದ್ಮೇಲೆ ಊರೇ ಬಂದ್ರೂ ನಿಲ್ಲಲ್ಲ.

ಮುಂದಿನ ಸಲ ಯಾರ ಮನೆ ಹುಡ್ಗಿಯಾದ್ರೂ ಕಣ್ಣೀರು ಹಾಕ್ಕಂಡು ನಿಮ್ಮ ಹತ್ರ ಕುಂತ್ರೆ, ಮೊದ್ಲು ‘ಹೊಡೀತಾನಾ?’ ಅಂತ ಗುಟ್ಟಾಗಿ ಕೇಳಿ. ಹೂಂ ಅಂದ್ರೆ ಅವಳ ಜತೆ ನಿಂತ್ಕಳಿ, ವಾಪಸ್ ಕಳಿಸ್ಬೇಡಿ. ಇಲ್ಲ ಅಂದ್ರೆ 14416 ನಂಬರ್ ಬರ್ಕೊಡಿ, ‘ಇಬ್ರೂ ಹೋಗಿ ಬನ್ನಿ, ಮಗೀನ ನಾನು ನೋಡ್ಕತೀನಿ’ ಅನ್ನಿ. ನಾವು ಹೆಂಗಸ್ರು ಮಾಡ್ಬೇಕಾದ ಸಹಾಯ ಇಷ್ಟೇ. ಒಪ್ಪದೆ ಇರೋರು ಮನೆಗೆ ಬನ್ನಿ, ಕಾಫಿ ಕುಡ್ಕಂಡೇ ಜಗಳ ಆಡಣ.